ವೈರ್‌ಲೆಸ್ ಮೇಷ್ಟ್ರು ಫರ್ಡಿನಾಂಡ್ ಬ್ರೌನ್

ನಾನು ಐ.ಟಿ.ಐ. ಓದುವಾಗ ನಮ್ಮ ಲ್ಯಾಬಿನ ಮೂಲೆಯ ಟೇಬಲ್ ಮೇಲೆ ಒಂದು ಸಿ.ಆರ್.ಒ. ಇತ್ತು. ಇಡೀ ಸಂಸ್ಥೆಗೆ ಅದು ಒಂದೇ. ಧೂಳು ಕೂರಬಾರದು ಅಂತ ಹಳೆ ಟವಲ್ ಹೊದಿಸಿ ಇಡುತ್ತಿದ್ದರು. ವರ್ಷಕ್ಕೆ ಎರಡೋ ಮೂರೋ ಸಲ ಮೇಷ್ಟ್ರು ಆ ಟವಲ್ ತೆಗೆದು, ಪ್ಲಗ್ ಹಾಕಿ, ಪ್ರೋಬನ್ನು ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಗೆ ಹಿಡಿಯುತ್ತಿದ್ದರು. ಪರದೆ ಮೇಲೆ ಹಸಿರು ಅಲೆ ಒಂದು ಎದ್ದು ನಿಲ್ಲುತ್ತಿತ್ತು. ಅಲ್ಲಿಯ ತನಕ ಎ.ಸಿ. ಅಂದರೆ ನಮಗೆ ಬೋರ್ಡಿನ ಮೇಲೆ ಚಾಕ್‌ಪೀಸಿನಲ್ಲಿ ಬರೆದ ಡೊಂಕು ಗೆರೆ, ಇಲ್ಲಾಂದ್ರೆ ಕೈಗೆ ಹೊಡೆದ ಶಾಕ್. ಎರಡರ ನಡುವೆ ಏನು ಸಂಬಂಧ ಅಂತ ಕಣ್ಣಿಗೆ ಕಂಡದ್ದು ಆ ದಿನವೇ.

ಆ ಡಬ್ಬದೊಳಗಿನ ಗಾಜಿನ ಟ್ಯೂಬನ್ನು ಮಾಡಿದವರು ಬ್ರೌನ್ ಅಂತ ಒಬ್ಬ ಜರ್ಮನ್ ಪ್ರೊಫೆಸರ್ ಅಂತ ಮೇಷ್ಟ್ರು ಹೇಳಿದ್ದರು. ಪರೀಕ್ಷೆಗೆ ಬರುವ ಪ್ರಶ್ನೆ ಅಲ್ಲದ್ದರಿಂದ ನಾವು ಯಾರೂ ಬರೆದುಕೊಳ್ಳಲಿಲ್ಲ. ಆಮೇಲೆ ಮಸ್ಕತ್ತಿಗೆ ಬಂದು ಡಿ.ಬಿ. ಡ್ರೆಸ್ಸಿಂಗು, ಕೇಬಲ್ ಟ್ರೇ, ಮೆಗ್ಗರ್ ಟೆಸ್ಟು ಅಂತ ವರ್ಷಗಳು ಹೋದವು. 2020ರಲ್ಲಿ ವಿಮಾನ ನಿಂತು, ಸೈಟೂ ನಿಂತು, ಕ್ಯಾಂಪಿನ ಮಂಚದ ಮೇಲೆ ಸುಮ್ಮನೆ ಕೂತಿದ್ದಾಗ ಆ ಹೆಸರು ಮತ್ತೆ ನೆನಪಾಯಿತು. ಮೊಬೈಲಿನಲ್ಲಿ ಹುಡುಕಿ ಓದುತ್ತಾ ಹೋದೆ. ಅವರ ಟ್ಯೂಬಿನ ಬಗ್ಗೆ ಓದಲು ಹೋದವನು ಅವರ ಕೊನೆಗಾಲದ ಹತ್ತಿರ ಬಂದು ನಿಂತುಬಿಟ್ಟೆ. ಅದು ಯಾಕೆ ಅಂತ ಮುಂದೆ ನಿಮಗೇ ತಿಳಿಯುತ್ತದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಶೇವರ್ ಮೇಲೆ, ಮಿಕ್ಸಿ ಮೇಲೆ ಬ್ರೌನ್ ಅಂತ ಇರುತ್ತದಲ್ಲ, ಆ ಬ್ರೌನ್ ಬೇರೆ. ಅದು 1921ರಲ್ಲಿ ಮ್ಯಾಕ್ಸ್ ಬ್ರೌನ್ ಎಂಬವರು ಫ್ರಾಂಕ್‌ಫರ್ಟಿನಲ್ಲಿ ಶುರುಮಾಡಿದ ಕಂಪನಿ. ನಮ್ಮ ಬ್ರೌನ್ ಅದಕ್ಕಿಂತ ಮೂರು ವರ್ಷ ಮೊದಲೇ ತೀರಿಹೋಗಿದ್ದರು.

ಕಾರ್ಲ್ ಫರ್ಡಿನಾಂಡ್ ಬ್ರೌನ್ ಹುಟ್ಟಿದ್ದು 1850ರ ಜೂನ್ 6ರಂದು, ಜರ್ಮನಿಯ ನಡುಭಾಗದ ಫುಲ್ಡಾ ಎಂಬ ಊರಿನಲ್ಲಿ. ಆಗ ಜರ್ಮನಿ ಅಂತ ಒಂದು ದೇಶವೇ ಇರಲಿಲ್ಲ, ಸಣ್ಣ ದೊಡ್ಡ ಸಂಸ್ಥಾನಗಳು. ಅಪ್ಪ ಕೋರ್ಟಿನಲ್ಲಿ ಗುಮಾಸ್ತರು. ಮನೆ ತುಂಬ ಮಕ್ಕಳು, ಸರ್ಕಾರಿ ಸಂಬಳ. ಅಣ್ಣ ವುನಿಬಾಲ್ಡ್ ವ್ಯಾಪಾರದ ಕಡೆ ಹೋಗಿ, ಮುಂದೆ ಹಾರ್ಟ್‌ಮನ್ ಅಂಡ್ ಬ್ರೌನ್ ಎಂಬ ಕಂಪನಿಯ ಪಾಲುದಾರರಾದರು. ವೋಲ್ಟ್‌ಮೀಟರ್, ಆಮ್‌ಮೀಟರ್ ಇಂಥ ಅಳತೆ ಯಂತ್ರಗಳಿಗೆ ಅದು ದೊಡ್ಡ ಹೆಸರು. ಆ ಕಂಪನಿ 1999ರಲ್ಲಿ ಎ.ಬಿ.ಬಿ. ಕೈಗೆ ಹೋಯಿತು. ಇಲ್ಲಿ ಎ.ಬಿ.ಬಿ. ಬ್ರೇಕರ್ ಹಾಕದ ಎಲೆಕ್ಟ್ರಿಷಿಯನ್ ಯಾರಿದ್ದಾರೆ? ಹಾಗೆ ನೋಡಿದರೆ ಬ್ರೌನ್ ಮನೆತನ ನಮಗೆ ತೀರಾ ದೂರದವರೇನೂ ಅಲ್ಲ.

ಫರ್ಡಿನಾಂಡ್ ಫುಲ್ಡಾದಲ್ಲೇ ಹೈಸ್ಕೂಲು ಮುಗಿಸಿ, ಮಾರ್‌ಬುರ್ಗಿನಲ್ಲಿ ಸ್ವಲ್ಪ ಕಾಲ ಓದಿ, ಬರ್ಲಿನ್ನಿಗೆ ಹೋದರು. 1872ರಲ್ಲಿ ಡಾಕ್ಟರೇಟ್ ಆಯಿತು. ವಿಷಯ ತಂತಿಗಳ ಕಂಪನ. ವೀಣೆಯ ತಂತಿ ಮೀಟಿದರೆ ಹೇಗೆ ಅದುರುತ್ತದೆ, ಹೇಗೆ ಸುಮ್ಮನಾಗುತ್ತದೆ, ಆ ತರಹದ್ದು. ಈ ಅದುರುವುದು, ಸುಮ್ಮನಾಗುವುದು ಎಂಬ ಮಾತು ನೆನಪಿಟ್ಟುಕೊಳ್ಳಿ, 26 ವರ್ಷ ಆದಮೇಲೆ ಅದು ಮತ್ತೆ ಬರುತ್ತದೆ.

ಡಾಕ್ಟರೇಟ್ ಆದ ಕೂಡಲೇ ದೊಡ್ಡ ಕುರ್ಚಿ ಸಿಗಲಿಲ್ಲ. ವ್ಯೂರ್ಟ್ಸ್‌ಬುರ್ಗಿನಲ್ಲಿ ಒಬ್ಬ ಪ್ರೊಫೆಸರಿಗೆ ಸಹಾಯಕರಾಗಿದ್ದರು. ಆ ಸಂಬಳದಲ್ಲಿ ಬದುಕು ಸಾಗುವುದು ಕಷ್ಟ. ಅದಕ್ಕೆ ಮೇಷ್ಟ್ರ ಪರೀಕ್ಷೆ ಕಟ್ಟಿ ಪಾಸಾಗಿ, 1874ರಲ್ಲಿ ಲೈಪ್‌ಜಿಗ್ ನಗರದ ಥಾಮಸ್ ಶಾಲೆಯಲ್ಲಿ ಹುಡುಗರಿಗೆ ಗಣಿತ ವಿಜ್ಞಾನ ಹೇಳಿಕೊಡುವ ಕೆಲಸಕ್ಕೆ ಸೇರಿದರು. ಮಕ್ಕಳಿಗಾಗಿ ಗಣಿತ ವಿಜ್ಞಾನದ ಒಂದು ಪುಸ್ತಕವನ್ನೂ ಬರೆದರು. ನಾನು ಅವರನ್ನು ಮೇಷ್ಟ್ರು ಅಂತ ಕರೆಯುವುದು ಸುಮ್ಮನೆ ಅಲ್ಲ.

ಅದೇ 1874ರಲ್ಲಿ, ಬಿಡುವಿನ ಹೊತ್ತಿನಲ್ಲಿ ಮಾಡಿಕೊಂಡ ಪ್ರಯೋಗದಿಂದ ಅವರಿಗೆ ಒಂದು ವಿಚಿತ್ರ ಕಂಡಿತು. ಸೀಸದ ಅದಿರು, ಕಬ್ಬಿಣದ ಪೈರೈಟ್ ಇಂಥ ಗಂಧಕ ಸೇರಿದ ಖನಿಜದ ಹರಳು ತೆಗೆದುಕೊಂಡು, ಅದಕ್ಕೆ ಒಂದು ತಂತಿಯ ಮೊನೆ ಒತ್ತಿ ಕರೆಂಟ್ ಹರಿಸಿದರೆ, ಒಂದು ದಿಕ್ಕಿಗೆ ಹೆಚ್ಚು ಹರಿಯುತ್ತಿತ್ತು, ತಿರುಗಿಸಿ ಕೊಟ್ಟರೆ ಕಡಿಮೆ. ವ್ಯತ್ಯಾಸ ಕೆಲವು ಸಲ ನೂರಕ್ಕೆ 30ರ ತನಕ. ಓಮ್ಸ್ ಲಾ ಪ್ರಕಾರ ಹೀಗೆ ಆಗಲೇಬಾರದು. ವೋಲ್ಟೇಜ್ ಅಷ್ಟೇ, ಹರಳು ಅದೇ, ದಿಕ್ಕು ಬದಲಾದರೆ ಕರೆಂಟ್ ಯಾಕೆ ಬದಲಾಗಬೇಕು?

ಇದು ಡಯೋಡ್. ನಾವು ಇವತ್ತು ಹತ್ತು ರೂಪಾಯಿಗೆ ಹಿಡಿತುಂಬ ತರುವ ಡಯೋಡಿನ ಅಜ್ಜ. ಆದರೆ ಆಗ ಅದರಿಂದ ಏನು ಉಪಯೋಗ ಅಂತ ಯಾರಿಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಯಾಕೆ ಹೀಗಾಗುತ್ತದೆ ಎಂಬುದಕ್ಕೆ ಸರಿಯಾದ ವಿವರಣೆ ಸಿಗಲು 1930ರ ದಶಕದ ತನಕ ಕಾಯಬೇಕಾಯಿತು. ಬ್ರೌನ್ ತಾವು ಕಂಡದ್ದನ್ನು ಕಂಡ ಹಾಗೆ ಬರೆದು ಪ್ರಕಟಿಸಿ ಮುಂದೆ ಹೋದರು. ಅವರು ಹರಳಿಗೆ ತಂತಿ ಚುಚ್ಚಿದ ಅದೇ 1874ರ ಏಪ್ರಿಲಿನಲ್ಲಿ ಇಟಲಿಯ ಬೊಲೋನಾದಲ್ಲಿ ಒಂದು ಮಗು ಹುಟ್ಟಿತ್ತು, ಹೆಸರು ಗುಲಿಯೆಲ್ಮೊ ಮಾರ್ಕೋನಿ. ಇಬ್ಬರೂ ಒಂದೇ ವೇದಿಕೆ ಹತ್ತಲು ಇನ್ನೂ 35 ವರ್ಷ ಇತ್ತು.

ಮುಂದಿನ 20 ವರ್ಷ ಊರಿಂದ ಊರಿಗೆ ವರ್ಗಾವಣೆಯ ಕತೆ. ಮಾರ್‌ಬುರ್ಗ್, ಸ್ಟ್ರಾಸ್‌ಬುರ್ಗ್, ಕಾರ್ಲ್ಸ್‌ರೂಹೆ, ಟ್ಯೂಬಿಂಗೆನ್. 1885ರಲ್ಲಿ ಅಮೇಲಿ ಎಂಬವರನ್ನು ಮದುವೆಯಾದರು, ಎರಡು ಗಂಡು ಎರಡು ಹೆಣ್ಣು ಮಕ್ಕಳು. ಟ್ಯೂಬಿಂಗೆನ್ನಿನಲ್ಲಿ ಭೌತಶಾಸ್ತ್ರ ವಿಭಾಗಕ್ಕೆ ಹೊಸ ಕಟ್ಟಡ ಆಗುವಂತೆ ನೋಡಿಕೊಂಡರು. 1895ರಲ್ಲಿ ಸ್ಟ್ರಾಸ್‌ಬುರ್ಗಿಗೆ ಭೌತಶಾಸ್ತ್ರ ಸಂಸ್ಥೆಯ ನಿರ್ದೇಶಕರಾಗಿ ಮರಳಿ ಬಂದರು. ಆ ಊರಿನ ಬಗ್ಗೆ ಒಂದು ಮಾತು ಹೇಳಬೇಕು. ಸ್ಟ್ರಾಸ್‌ಬುರ್ಗ್ ಇರುವುದು ಫ್ರಾನ್ಸ್ ಮತ್ತು ಜರ್ಮನಿಯ ಗಡಿಯ ಅಲ್ಸಾಸ್ ಪ್ರಾಂತ್ಯದಲ್ಲಿ. 1871ರ ಯುದ್ಧದಲ್ಲಿ ಜರ್ಮನಿ ಅದನ್ನು ಫ್ರಾನ್ಸಿನಿಂದ ಕಸಿದುಕೊಂಡಿತ್ತು. ಬ್ರೌನ್ ತಮ್ಮ ದೊಡ್ಡ ಕೆಲಸಗಳನ್ನೆಲ್ಲ ಮಾಡಿದ್ದು ಹೀಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದ ಊರಿನಲ್ಲಿ.

1897ರ ಫೆಬ್ರವರಿಯಲ್ಲಿ ಅವರು ಆ ಟ್ಯೂಬಿನ ವಿಷಯ ಪ್ರಕಟಿಸಿದರು. ಗಾಜಿನ ಉದ್ದ ಕೊಳವೆ, ಒಳಗಿನ ಗಾಳಿ ತೆಗೆದದ್ದು. ಒಂದು ತುದಿಯಲ್ಲಿ ಕ್ಯಾಥೋಡ್. ಅದರಿಂದ ಹೊರಟ ಕಿರಣ ಒಂದು ಸಣ್ಣ ತೂತಿನ ಮೂಲಕ ಹಾದು, ಎದುರಿನ ತುದಿಯಲ್ಲಿ ಹೊಳೆಯುವ ಪುಡಿ ಬಳಿದ ಅಭ್ರಕದ ಪರದೆಗೆ ಬಡಿದು ಒಂದು ಚುಕ್ಕೆ ಮೂಡಿಸುತ್ತದೆ. ಕೊಳವೆಯ ಹೊರಗೆ ಒಂದು ಕಾಯಿಲ್. ಅದರಲ್ಲಿ ಕರೆಂಟ್ ಹರಿದರೆ ಅಯಸ್ಕಾಂತದ ಎಳೆತಕ್ಕೆ ಚುಕ್ಕೆ ಮೇಲೆ ಕೆಳಗೆ ಓಡುತ್ತದೆ. ಚುಕ್ಕೆ ಮೇಲೆ ಕೆಳಗೆ ಮಾತ್ರ ಓಡಿದರೆ ಕಾಣುವುದು ಒಂದು ನೆಟ್ಟಗಿನ ಗೆರೆ. ಅದನ್ನು ಅಡ್ಡಕ್ಕೆ ಬಿಡಿಸಿ ಅಲೆಯ ಹಾಗೆ ತೋರಿಸಲು ಎದುರಿಗೆ ತಿರುಗುವ ಕನ್ನಡಿ ಇಟ್ಟರು. ಆಮೇಲೆ ಅವರ ಸಹಾಯಕ ಯೊನಾಥನ್ ಝೆನೆಕ್, ಕನ್ನಡಿ ಬೇಡ, ಇನ್ನೊಂದು ಕಾಯಿಲ್‌ನಿಂದ ಚುಕ್ಕೆಯನ್ನೇ ಅಡ್ಡಕ್ಕೆ ಎಳೆಯಬಹುದು ಅಂತ ಮಾಡಿ ತೋರಿಸಿದರು. ಸಿ.ಆರ್.ಒ.ದಲ್ಲಿ ಟೈಮ್ ಬೇಸ್ ಅಂತ ಒಂದು ನಾಬ್ ತಿರುಗಿಸುತ್ತಿದ್ದೆವಲ್ಲ, ಅದು ಇದೇ.

ಬ್ರೌನ್ ಅದರಲ್ಲಿ ನೋಡಿದ್ದು ಏನು ಗೊತ್ತಾ? ಸ್ಟ್ರಾಸ್‌ಬುರ್ಗ್ ನಗರದ ಪವರ್ ಹೌಸಿನಿಂದ ಬರುವ ಎ.ಸಿ. ಕರೆಂಟನ್ನು. ನಮ್ಮ ಮೇಷ್ಟ್ರು ಮೆಯಿನ್ಸ್ ಅಲೆಯನ್ನೇ ನಮಗೆ ತೋರಿಸಿದ್ದರು. ನೂರು ವರ್ಷ ಕಳೆದರೂ ಮೇಷ್ಟ್ರುಗಳ ಪಾಠ ಅದೇ.

ಆ ಕಿರಣದಲ್ಲಿ ಹರಿಯುವುದು ಎಲೆಕ್ಟ್ರಾನ್ ಅಂತ ಬ್ರೌನ್‌ಗೆ ಆಗ ತಿಳಿದಿರಲಿಲ್ಲ, ಯಾಕೆಂದರೆ ಇಂಗ್ಲೆಂಡಿನ ಜೆ.ಜೆ. ಥಾಮ್ಸನ್ ಅದನ್ನು ಸಾರಿದ್ದು ಅದೇ ವರ್ಷದ ಏಪ್ರಿಲ್ ಕೊನೆಯಲ್ಲಿ. ಒಳಗೆ ಏನು ಓಡುತ್ತಿದೆ ಅಂತ ಗೊತ್ತಿಲ್ಲದೆಯೇ ಅದರಿಂದ ಕೆಲಸ ತೆಗೆದರು. ಆ ಟ್ಯೂಬಿಗೆ ಅವರು ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಯಾರು ಬೇಕಾದರೂ ಮಾಡಿಕೊಳ್ಳಲಿ ಅಂತ ಬಿಟ್ಟರು. ಅದು ಮುಂದೆ ರಾಡಾರ್ ಪರದೆ ಆಯಿತು, ಆಸ್ಪತ್ರೆಯಲ್ಲಿ ಹೃದಯದ ಬಡಿತ ತೋರಿಸುವ ಪರದೆ ಆಯಿತು, ಕೊನೆಗೆ ನಮ್ಮ ಮನೆಗಳ ಡಬ್ಬ ಟಿ.ವಿ. ಆಯಿತು. ಜರ್ಮನಿಯಲ್ಲೂ ಜಪಾನಿನಲ್ಲೂ ಪಿಕ್ಚರ್ ಟ್ಯೂಬಿಗೆ ಬ್ರೌನ್ ಟ್ಯೂಬ್ ಅಂತಲೇ ಹೆಸರು. ನಮ್ಮ ಕಡೆ ಮಾತ್ರ ಆ ಹೆಸರು ಬರಲೇ ಇಲ್ಲ.

ಇನ್ನು ವೈರ್‌ಲೆಸ್. ಇದು ನನಗೆ ಬಹಳ ಇಷ್ಟವಾದ ಭಾಗ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1897ರ ಹೊತ್ತಿಗೆ ಮಾರ್ಕೋನಿ ಇಂಗ್ಲೆಂಡಿನಲ್ಲಿ ತಂತಿ ಇಲ್ಲದೆ ಟೆಲಿಗ್ರಾಂ ಕಳಿಸಿ ಲೋಕವನ್ನೇ ಬೆರಗು ಮಾಡಿದ್ದರು. ಆಗ ಮಾತು, ಹಾಡು ಕಳಿಸುವುದು ಇರಲಿಲ್ಲ, ಬರೀ ಕಟ್ಟ-ಕಡ ಮೋರ್ಸ್. ಅವರ ವಿಧಾನ ಸರಳ. ಎತ್ತರಕ್ಕೆ ಕಟ್ಟಿದ ಏರಿಯಲ್ ತಂತಿ, ಕೆಳಗೆ ಅರ್ತ್, ನಡುವೆ ಕಿಡಿ ಹಾರಲು ಸಣ್ಣ ಅಂತರ. ಹೈ ವೋಲ್ಟೇಜ್ ಕೊಟ್ಟಾಗ ಕಿಡಿ ಹಾರುತ್ತದೆ, ತಂತಿ ಅದುರುತ್ತದೆ, ಅಲೆ ಹೊರಡುತ್ತದೆ. ಆದರೆ ಕೆಲವು ಮೈಲಿ ಆದಮೇಲೆ ಹೆಚ್ಚು ದೂರ ಹೋಗಲು ಕಷ್ಟವಾಗುತ್ತಿತ್ತು. ಕಿಡಿಯ ಅಂತರ ಹೆಚ್ಚು ಮಾಡಿದರೆ, ವೋಲ್ಟೇಜ್ ಏರಿಸಿದರೆ ದೂರ ಹೋಗಬಹುದು ಅಂತ ಯಾರಿಗಾದರೂ ಅನಿಸುತ್ತದೆ. ಮಾಡಿ ನೋಡಿದರೆ ಹಾಗಾಗುತ್ತಿರಲಿಲ್ಲ.

1898ರಲ್ಲಿ ಕೆಲವು ಉದ್ಯಮಿಗಳು ಬ್ರೌನ್ ಬಳಿ ಬಂದರು. ಅವರಲ್ಲಿ ಒಬ್ಬರು ಕಲೋನ್ ನಗರದ ಚಾಕಲೇಟ್ ವ್ಯಾಪಾರಿ ಲುಡ್ವಿಗ್ ಸ್ಟೋಲ್‌ವೆರ್ಕ್. ಮೊದಲು ಹೊರಟದ್ದು ಗಾಳಿಯಲ್ಲಿ ಕಳಿಸುವುದಕ್ಕಲ್ಲ, ನೀರಿನ ಮೂಲಕ ಕಳಿಸುವುದಕ್ಕೆ. ಸ್ಟ್ರಾಸ್‌ಬುರ್ಗ್ ಕೋಟೆಯ ಸುತ್ತಲಿನ ಕಂದಕದ ನೀರಿನಲ್ಲೇ ಪ್ರಯೋಗ ನಡೆಯಿತು. ಆ ದಾರಿ ಹೆಚ್ಚು ದೂರ ಹೋಗಲಿಲ್ಲ. ಆದರೆ ಅದನ್ನು ಮಾಡುತ್ತಾ ಬ್ರೌನ್ ಮಾರ್ಕೋನಿಯ ಕಿಡಿಯಲ್ಲಿ ತೊಂದರೆ ಎಲ್ಲಿದೆ ಅಂತ ಯೋಚಿಸತೊಡಗಿದರು.

ತೊಂದರೆ ಇಷ್ಟೇ. ಮಾರ್ಕೋನಿಯ ಏರಿಯಲ್ಲೇ ಚಾರ್ಜ್ ತುಂಬಿಡುವ ಪಾತ್ರೆ, ಅದೇ ಹೊರಗೆ ಕಳಿಸುವ ದಾರಿ, ಅದರಲ್ಲೇ ಕಿಡಿ. ನಮ್ಮ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ಟ್ಯಾಂಕ್ ಇಡದೆ ಬರೀ ಪೈಪಿನಲ್ಲಿ ಎಷ್ಟು ನೀರು ನಿಲ್ಲುತ್ತದೋ ಅಷ್ಟನ್ನೇ ನಂಬಿ ನಲ್ಲಿ ತಿರುಗಿಸಿದ ಹಾಗೆ. ಒಂದು ತಂತಿಗೆ ಎಷ್ಟು ಚಾರ್ಜ್ ಹಿಡಿದೀತು? ಕಿಡಿ ಹಾರಿದ ಕೂಡಲೇ ಖಾಲಿ. ಅದುರುವಿಕೆ ನಾಲ್ಕಾರು ಸಲ ಆಗಿ ಸತ್ತುಹೋಗುತ್ತದೆ. ಅಂತರ ಹೆಚ್ಚಿಸಿದರೆ ಕಿಡಿಯ ರೆಸಿಸ್ಟೆನ್ಸೇ ಹೆಚ್ಚಿ ಶಕ್ತಿಯನ್ನು ನುಂಗಿಬಿಡುತ್ತದೆ.

ಬ್ರೌನ್ ಕಿಡಿಯನ್ನು ಏರಿಯಲ್ಲಿನಿಂದ ಕಿತ್ತು ಹೊರಗೆ ತಂದರು. ಲೈಡನ್ ಜಾರ್ ಅಂತ ಕರೆಯುವ ದೊಡ್ಡ ಗಾಜಿನ ಕೆಪಾಸಿಟರ್‌ಗಳು, ಒಂದು ಕಾಯಿಲ್, ಕಿಡಿಯ ಅಂತರ, ಈ ಮೂರನ್ನು ಸೇರಿಸಿ ಬೇರೆಯೇ ಒಂದು ಮುಚ್ಚಿದ ಸರ್ಕ್ಯೂಟ್ ಮಾಡಿದರು. ಇದು ಟ್ಯಾಂಕ್. ಬೇಕಾದಷ್ಟು ಚಾರ್ಜ್ ತುಂಬಬಹುದು, ಕಿಡಿ ಹಾರಿದಾಗ ಬಹಳ ಹೊತ್ತು ಅದುರುತ್ತಿರುತ್ತದೆ. ಅದರ ಕಾಯಿಲ್ ಪಕ್ಕ ಇನ್ನೊಂದು ಕಾಯಿಲ್ ಇಟ್ಟು, ಅದನ್ನು ಏರಿಯಲ್ಲಿಗೆ ಜೋಡಿಸಿದರು. ಅಂದರೆ ಟ್ರಾನ್ಸ್‌ಫಾರ್ಮರ್. ಪ್ರೈಮರಿ ಈ ಕಡೆ, ಸೆಕೆಂಡರಿ ಆ ಕಡೆ. ಎರಡು ಕಡೆಯ ಅದುರುವಿಕೆ ಒಂದೇ ತಾಳಕ್ಕೆ ಬರುವ ಹಾಗೆ ಟ್ಯೂನ್ ಮಾಡಿದರೆ, ಟ್ಯಾಂಕಿನ ಶಕ್ತಿ ಏರಿಯಲ್ಲಿಗೆ ಸಲೀಸಾಗಿ ದಾಟುತ್ತದೆ. ಏರಿಯಲ್ ತಂತಿಯಲ್ಲಿ ಈಗ ಕಿಡಿಯೇ ಇಲ್ಲ.

ನಾನು ಇದನ್ನು ಓದಿದಾಗ ಮೊದಲು ನೆನಪಾದದ್ದು ಐಸೊಲೇಶನ್ ಟ್ರಾನ್ಸ್‌ಫಾರ್ಮರ್. ಅಪಾಯ ಇರುವ ಕಡೆಯನ್ನೂ ಕೆಲಸ ಮಾಡುವ ಕಡೆಯನ್ನೂ ತಂತಿಯಿಂದ ಜೋಡಿಸಬೇಡ, ನಡುವೆ ಅಯಸ್ಕಾಂತದ ಸೇತುವೆ ಇರಲಿ ಅಂತ ನಮಗೆ ಮೊದಲ ವರ್ಷವೇ ಹೇಳಿಕೊಡುತ್ತಾರೆ. ಡಾಕ್ಟರೇಟಿಗೆ ತಂತಿಯ ಅದುರುವಿಕೆ ಓದಿದವರಿಗೆ ಇದು ಹೊಳೆದದ್ದು ಆಶ್ಚರ್ಯವಲ್ಲ. ಎಲ್ಲರ ಕಣ್ಣು ಏರಿಯಲ್ ಎಷ್ಟು ಎತ್ತರ ಅನ್ನುವುದರ ಮೇಲಿದ್ದಾಗ ಅವರು ಕೆಳಗಿನ ಡಬ್ಬದೊಳಗೆ ನೋಡಿದರು. ಜರ್ಮನ್ ಪೇಟೆಂಟ್ ಅರ್ಜಿಯ ತಾರೀಕು 1898ರ ಅಕ್ಟೋಬರ್ 14. ಈ ಸಲ ಪೇಟೆಂಟ್ ತೆಗೆದುಕೊಂಡರು, ಹಣ ಹಾಕಿದವರು ಸುಮ್ಮನೆ ಬಿಡುತ್ತಾರಾ! ಮಾರ್ಕೋನಿ ಟ್ಯೂನಿಂಗ್ ಬಗ್ಗೆ ತೆಗೆದುಕೊಂಡ ಪ್ರಸಿದ್ಧ 7777 ನಂಬರಿನ ಇಂಗ್ಲಿಷ್ ಪೇಟೆಂಟ್ 1900ರದ್ದು. ಅದರಲ್ಲೂ ಕಿಡಿಯ ಸರ್ಕ್ಯೂಟ್ ಬೇರೆ, ಏರಿಯಲ್ ಬೇರೆ, ನಡುವೆ ಕಾಯಿಲ್ ಜೋಡಿ. ಯಾರದ್ದು ಯಾರು ನೋಡಿ ಮಾಡಿದರು ಎಂಬ ಜಗಳ ಆಗಲೇ ಶುರುವಾಗಿತ್ತು, ಅದಕ್ಕೆ ನಾನು ಹೋಗುವುದಿಲ್ಲ. ತಾರೀಕು ಯಾವುದು ಮೊದಲು ಅಂತ ಮಾತ್ರ ನೋಡಿ.

ಪೇಪರಿನ ಮೇಲೆ ಬರೆದರೆ ಆಗಲಿಲ್ಲವಲ್ಲ, ಸಮುದ್ರದ ಮೇಲೆ ಮಾಡಿ ತೋರಿಸಬೇಕು. 1899ರಿಂದ ಜರ್ಮನಿಯ ಉತ್ತರ ತೀರದ ಕುಕ್ಸ್‌ಹಾಫೆನ್ ಎಂಬ ಬಂದರಿನಲ್ಲಿ ಕೆಲಸ ಶುರುವಾಯಿತು. ಝೆನೆಕ್ ಅಲ್ಲೇ ನಿಂತು ಹಡಗುಗಳ ಜೊತೆ ಪ್ರಯೋಗ ಮಾಡಿದರು. ಉಪ್ಪುಗಾಳಿ, ಮಳೆ, ಚಳಿ. ಉಪ್ಪುಗಾಳಿಯಲ್ಲಿ ಇನ್ಸುಲೇಶನ್ ಏನಾಗುತ್ತದೆ ಅಂತ ಇಲ್ಲಿ ಕಡಲ ಬದಿಯ ಸೈಟಿನಲ್ಲಿ ಕೆಲಸ ಮಾಡಿದವರಿಗೆ ನಾನು ಹೇಳಬೇಕಾಗಿಲ್ಲ. 1900ರ ಸೆಪ್ಟೆಂಬರ್ 24ರಂದು ಕುಕ್ಸ್‌ಹಾಫೆನ್ನಿಂದ ಹೆಲ್ಗೊಲ್ಯಾಂಡ್ ದ್ವೀಪಕ್ಕೆ, 62 ಕಿಲೋಮೀಟರ್ ಸಮುದ್ರದ ಮೇಲೆ, ಸಂದೇಶ ದಾಟಿತು.

ಆ ಹೊತ್ತಿಗೆ ಹಳೆ ಹರಳೂ ಕೆಲಸಕ್ಕೆ ಬಂತು. ಬಂದ ಅಲೆಯನ್ನು ಹಿಡಿದು ಒಂದೇ ದಿಕ್ಕಿಗೆ ಹರಿಸಲು, ಅಂದರೆ ಡಿಟೆಕ್ಟರ್ ಆಗಿ, 1874ರಲ್ಲಿ ಶಾಲಾ ಮೇಷ್ಟ್ರಾಗಿದ್ದಾಗ ಕಂಡಿದ್ದ ಆ ಹರಳನ್ನು ಬ್ರೌನ್ ಮತ್ತೆ ಕೈಗೆತ್ತಿಕೊಂಡರು. ಇಲ್ಲಿ ನಮ್ಮ ದೇಶದವರ ಹೆಸರೂ ಹೇಳಲೇಬೇಕು. ಕಲ್ಕತ್ತದ ಜಗದೀಶ ಚಂದ್ರ ಬೋಸರು ಅದೇ ಕಾಲದಲ್ಲಿ ಸೀಸದ ಅದಿರಿನ ಡಿಟೆಕ್ಟರಿಗೆ ಅಮೆರಿಕದಲ್ಲಿ ಅರ್ಜಿ ಹಾಕಿ 1904ರಲ್ಲಿ ಪೇಟೆಂಟ್ ಪಡೆದಿದ್ದರು. ಮುಂದೆ ಬ್ಯಾಟರಿ ಇಲ್ಲದೆ, ಕರೆಂಟ್ ಇಲ್ಲದೆ ಕಿವಿಗೆ ಹೆಡ್‌ಫೋನ್ ಹಾಕಿ ಜನ ಕೇಳಿದ ಕ್ರಿಸ್ಟಲ್ ಸೆಟ್ ರೇಡಿಯೋದಲ್ಲಿ ಇದ್ದದ್ದು ಇಂಥದ್ದೇ ಒಂದು ಹರಳು, ಒಂದು ತಂತಿಯ ಮೊನೆ.

ಜರ್ಮನಿಯಲ್ಲಿ ಆಗ ಎರಡು ಗುಂಪು. ಒಂದು ಬ್ರೌನ್ ಅವರದ್ದು, ಸೀಮೆನ್ಸ್ ಬೆಂಬಲದಿಂದ. ಇನ್ನೊಂದು ಬರ್ಲಿನ್ನಿನ ಪ್ರೊಫೆಸರ್ ಸ್ಲಾಬಿ ಮತ್ತು ಅವರ ಶಿಷ್ಯ ಆರ್ಕೊ ಅವರದ್ದು, ಎ.ಇ.ಜಿ. ಬೆಂಬಲದಿಂದ. ಇಬ್ಬರೂ ಪೇಟೆಂಟಿಗೆ ಕಚ್ಚಾಡುತ್ತಿದ್ದರೆ ಮಾರ್ಕೋನಿ ಇಡೀ ಸಮುದ್ರ ಹಿಡಿದುಕೊಳ್ಳುತ್ತಾರೆ ಎಂದು ಕೈಸರ್ ದೊರೆ ಒತ್ತಾಯ ಮಾಡಿ, 1903ರ ಮೇ 27ರಂದು ಎರಡನ್ನೂ ಸೇರಿಸಿ ಒಂದು ಕಂಪನಿ ಆಯಿತು. ಅದರ ಹೆಸರು ಟೆಲಿಫುಂಕನ್. ನಮ್ಮ ಅಜ್ಜಂದಿರಲ್ಲಿ ಕೆಲವರು ಆ ಹೆಸರಿನ ರೇಡಿಯೋ ನೋಡಿರುತ್ತಾರೆ.

ಬ್ರೌನ್ ಕಂಪನಿಗೆ ಹೋಗಿ ಕೂರಲಿಲ್ಲ, ಸ್ಟ್ರಾಸ್‌ಬುರ್ಗಿನ ಪಾಠ ಬಿಡಲಿಲ್ಲ. 1905ರಲ್ಲಿ ಊರ ಹೊರಗಿನ ಬಯಲಿನಲ್ಲಿ ಮೂರು ಏರಿಯಲ್ ನಿಲ್ಲಿಸಿ, ಒಂದಕ್ಕೊಂದು ಸ್ವಲ್ಪ ಹಿಂದೆ ಮುಂದೆ ಆಗುವಂತೆ ಅಲೆ ಕೊಟ್ಟು, ಸಂದೇಶವನ್ನು ಬೇಕಾದ ದಿಕ್ಕಿಗೆ ಮಾತ್ರ ಹೆಚ್ಚು ಬಲವಾಗಿ ಕಳಿಸಬಹುದು ಅಂತ ತೋರಿಸಿದರು. ಈಗಿನ ಮೊಬೈಲ್ ಟವರುಗಳಲ್ಲಿ ಹತ್ತಾರು ಸಣ್ಣ ಆಂಟೆನಾ ಸೇರಿಸಿ ಕಿರಣವನ್ನು ತಿರುಗಿಸುವುದರ ಹಿಂದೆ ಇರುವುದು ಇದೇ ಲೆಕ್ಕ. ಅವರ ಹತ್ತಿರ ಬೇರೆ ಬೇರೆ ದೇಶದ ಹುಡುಗರು ಕಲಿಯಲು ಬರುತ್ತಿದ್ದರು. ರಷ್ಯಾದ ಮಾಂಡೆಲ್‌ಷ್ಟಾಮ್, ಪಾಪಲೆಕ್ಸಿ ಇಬ್ಬರೂ ಅಲ್ಲಿ ಕಲಿತು, ತಮ್ಮ ದೇಶಕ್ಕೆ ಮರಳಿ ರೇಡಿಯೋ ವಿಜ್ಞಾನದಲ್ಲಿ ದೊಡ್ಡ ಹೆಸರಾದರು.

1909ರ ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿನಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನ. ಮಾರ್ಕೋನಿಗೆ ಅರ್ಧ, ಬ್ರೌನ್‌ಗೆ ಅರ್ಧ. ಒಬ್ಬರಿಗೆ 35 ವರ್ಷ, ಕಾಲೇಜು ಡಿಗ್ರಿ ಇಲ್ಲ, ಲೋಕವೆಲ್ಲ ಬಲ್ಲ ಉದ್ಯಮಿ. ಇನ್ನೊಬ್ಬರಿಗೆ 59, ಗಡ್ಡದ ಪ್ರೊಫೆಸರ್, ಊರ ಹೊರಗೆ ಹೆಸರು ಕೇಳಿದವರು ಕಡಿಮೆ. ಡಿಗ್ರಿ ಇಲ್ಲದವರಿಗೂ ನೊಬೆಲ್ ಸಿಕ್ಕಿತು ಅಂತ ಸರ್ಟಿಫಿಕೇಟಿನವನಾದ ನನಗೆ ಮಾರ್ಕೋನಿ ಮೇಲೂ ಅಭಿಮಾನವೇ. ಬ್ರೌನ್ ತಮ್ಮ ಭಾಷಣದಲ್ಲಿ ಮಾರ್ಕೋನಿಯ ಕೆಲಸವನ್ನು ಮರೆಮಾಚಲಿಲ್ಲ. ಅದರ ಮಿತಿ ಎಲ್ಲಿತ್ತು, ತಾವು ಎಲ್ಲಿಂದ ಯೋಚಿಸಲು ಶುರುಮಾಡಿದೆವು ಅಂತ ಪಾಠದ ಹಾಗೆ ಬಿಡಿಸಿ ಹೇಳಿದರು. ಶಾಲೆಯಲ್ಲಿ ನಾವು ಕಲಿತದ್ದು ಮಾತ್ರ ರೇಡಿಯೋ ಅಂದರೆ ಮಾರ್ಕೋನಿ, ಒಂದೇ ಹೆಸರು, ಒಂದೇ ಮಾರ್ಕಿನ ಪ್ರಶ್ನೆ.

ಇಲ್ಲಿಗೆ ನಿಂತಿದ್ದರೆ ಇದು ಒಬ್ಬ ದೊಡ್ಡ ವಿಜ್ಞಾನಿಯ ಕತೆ ಆಗುತ್ತಿತ್ತು. ನಿಲ್ಲಲಿಲ್ಲ.

1914ರ ಆಗಸ್ಟಿನಲ್ಲಿ ಮಹಾಯುದ್ಧ ಶುರುವಾಯಿತು. ಮೊದಲ ದಿನಗಳಲ್ಲೇ, ಆಗಸ್ಟ್ 5ರಂದು, ಬ್ರಿಟಿಷರು ಜರ್ಮನಿಯಿಂದ ಹೊರಗೆ ಹೋಗುವ ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್‌ಗಳನ್ನು ಹಡಗು ಕಳಿಸಿ ಕತ್ತರಿಸಿದರು. ಆಮೇಲೆ ಜರ್ಮನಿಗೆ ಅಮೆರಿಕದ ಜೊತೆ ನೇರವಾಗಿ ಮಾತಾಡಲು ಉಳಿದದ್ದು ವೈರ್‌ಲೆಸ್ ಮಾತ್ರ. ಬರ್ಲಿನ್ ಹತ್ತಿರದ ನೌವೆನ್‌ನಲ್ಲಿ ಒಂದು ತುದಿ. ಅಮೆರಿಕದ ಕಡೆಯ ಮುಖ್ಯ ಸ್ಟೇಷನ್ ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡಿನ ಸೇವಿಲ್‌ನಲ್ಲಿ, ಟೆಲಿಫುಂಕನ್ ಕಟ್ಟಿದ್ದು. ಅಮೆರಿಕ ಆಗ ಯುದ್ಧಕ್ಕೆ ಇಳಿದಿರಲಿಲ್ಲ. ಆ ಹೊತ್ತಿಗೆ ಮಾರ್ಕೋನಿ ಕಂಪನಿ ಸೇವಿಲ್ ಸ್ಟೇಷನ್ ನಡೆಸುವವರ ಮೇಲೆ ಪೇಟೆಂಟ್ ಕೇಸು ಹಾಕಿತ್ತು. ಗೆದ್ದರೆ ಆ ಸ್ಟೇಷನ್ನೇ ಬಂದ್ ಆಗುವ ಭಯ.

ಕೋರ್ಟಿಗೆ ಸಾಕ್ಷಿ ಹೇಳಲು ಬ್ರೌನ್ ಬೇಕಾಯಿತು. ವಯಸ್ಸು 64. ಆರೋಗ್ಯವೂ ಚೆನ್ನಾಗಿರಲಿಲ್ಲ. ಬ್ರಿಟಿಷ್ ಯುದ್ಧನೌಕೆಗಳು ಕಾವಲು ಕಾಯುತ್ತಿದ್ದ ಸಮುದ್ರ. ಆದರೂ 1914ರ ಕೊನೆಯಲ್ಲಿ ಝೆನೆಕ್ ಜೊತೆ ನಾರ್ವೆಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ನ್ಯೂಯಾರ್ಕ್ ತಲುಪಿದರು. ಕೇಸು ಮುಗಿಸಿ ವಾಪಸು ಬರುವ ಲೆಕ್ಕ. ನಾವೆಲ್ಲ ಮೊದಲ ಸಲ ವಿಮಾನ ಹತ್ತುವಾಗ ಎರಡು ವರ್ಷ ಅಷ್ಟೇ ಅಂತ ಮನೆಯಲ್ಲಿ ಹೇಳಿ ಬರುವುದಿಲ್ಲವಾ, ಹಾಗೆ.

1915ರಲ್ಲಿ ಬ್ರೂಕ್ಲಿನ್ ಕೋರ್ಟಿನಲ್ಲಿ ವಿಚಾರಣೆ. ಮಾರ್ಕೋನಿಯೇ ಲೂಸಿಟಾನಿಯಾ ಹಡಗಿನಲ್ಲಿ ಬಂದರು. ಅದೇ ಹಡಗು ಮೇ 7ರಂದು ಜರ್ಮನ್ ಸಬ್‌ಮರೀನಿನ ಏಟಿಗೆ ಮುಳುಗಿತು. ನಿಕೋಲಾ ಟೆಸ್ಲಾ ಮಾರ್ಕೋನಿ ಕಂಪನಿಯ ವಿರುದ್ಧ ಸಾಕ್ಷಿ ಹೇಳಿದರು. ಮೇ 23ಕ್ಕೆ ಇಟಲಿಯೂ ಯುದ್ಧಕ್ಕೆ ಇಳಿದದ್ದರಿಂದ ಮಾರ್ಕೋನಿ ತಮ್ಮ ದೇಶದ ಕೆಲಸಕ್ಕೆ ಹೊರಟುಹೋದರು. ಕೇಸು ಅರ್ಧದಲ್ಲಿ ನಿಂತಿತು. ಜುಲೈಯಲ್ಲಿ ಅಮೆರಿಕದ ನೌಕಾಪಡೆ ಸೇವಿಲ್ ಸ್ಟೇಷನ್ನನ್ನು ತಾನೇ ಕೈಗೆ ತೆಗೆದುಕೊಂಡಿತು. ಯಾವುದನ್ನು ಉಳಿಸಲು ಬ್ರೌನ್ ಬಂದಿದ್ದರೋ ಅದು ಅವರ ಕಣ್ಣೆದುರಿಗೇ ಕೈಬಿಟ್ಟುಹೋಯಿತು.

ಮಾರ್ಕೋನಿಗೆ ಹೋಗಲು ದಾರಿ ಇತ್ತು. ಬ್ರೌನ್‌ಗೆ ಇರಲಿಲ್ಲ. ಜರ್ಮನ್ ಪ್ರಜೆಯನ್ನು ಸಮುದ್ರದ ನಡುವೆ ಬ್ರಿಟಿಷರು ಇಳಿಸಿಕೊಂಡರೆ ಜೈಲು. ಮೇಲಿಂದ ಅನಾರೋಗ್ಯ. ಬ್ರೂಕ್ಲಿನ್ನಿನಲ್ಲಿ ಮಗ ಸೀಗ್‌ಫ್ರೀಡ್ ಇದ್ದರು, ಅವರ ಮನೆಯಲ್ಲಿ ಉಳಿದರು. 1917ರ ಏಪ್ರಿಲ್ 6ರಂದು ಅಮೆರಿಕವೂ ಜರ್ಮನಿಯ ಮೇಲೆ ಯುದ್ಧ ಸಾರಿತು. ಅಲ್ಲಿಯ ತನಕ ಅತಿಥಿ, ಆ ದಿನದಿಂದ ಶತ್ರು ದೇಶದವನು. ಝೆನೆಕ್ ಅವರನ್ನು ಹಿಡಿದು ಶಿಬಿರದಲ್ಲಿ ಇಟ್ಟರು. ಬ್ರೌನ್‌ಗೆ ಮಗನ ಮನೆಯಲ್ಲಿ ಇರಲು ಬಿಟ್ಟರು, ಆದರೆ ನಗರ ಬಿಟ್ಟು ಬೇಕೆಂದಲ್ಲಿ ಹೋಗುವಂತಿಲ್ಲ.

ನಾನು ಓದುತ್ತಾ ನಿಂತುಬಿಟ್ಟೆ ಅಂದೆನಲ್ಲ, ಅದು ಇಲ್ಲಿ. 2020ರ ಏಪ್ರಿಲಿನಲ್ಲಿ ಊರಿನಲ್ಲಿ ನನ್ನ ಅಪ್ಪ ತೀರಿಕೊಂಡರು. ಮಾರ್ಚಿನಿಂದಲೇ ವಿಮಾನ ಇರಲಿಲ್ಲ. ಕ್ಯಾಂಪಿನ ರೂಮಿನೊಳಗೆ ನೆಟ್‌ವರ್ಕ್ ಸಿಗುವುದಿಲ್ಲ ಅಂತ ತಾರಸಿ ಮೇಲೆ ಹೋಗಿ ನಿಂತು ಮೊಬೈಲಿನಲ್ಲಿ ನೋಡಿದೆ. ತಮ್ಮ ಫೋನ್ ಹಿಡಿದಿದ್ದ. ಚಿತ್ರ ನಿಂತು ನಿಂತು ಬರುತ್ತಿತ್ತು. ಕೊನೆಯ ಹೊತ್ತಿಗೆ ಪೂರ್ತಿ ನಿಂತೇಹೋಯಿತು, ಮತ್ತೆ ಬರುವಾಗ ಎಲ್ಲ ಮುಗಿದಿತ್ತು. ಕೈಯಲ್ಲಿ ಇದ್ದದ್ದು ವೈರ್‌ಲೆಸ್ಸೇ. ಅಲೆ ದಾಟುತ್ತದೆ, ಮನುಷ್ಯ ದಾಟುವ ಹಾಗಿಲ್ಲ. ಇಲ್ಲಿ ಇದನ್ನು ಓದುವವರಲ್ಲಿ ಆ ವರ್ಷ ಹೀಗೆ ತಾರಸಿ ಹತ್ತಿದವರು ನಾನೊಬ್ಬನೇ ಅಲ್ಲ ಅಂತ ನನಗೆ ಗೊತ್ತು. ಬ್ರೌನ್‌ಗೆ ಅಷ್ಟೂ ಇರಲಿಲ್ಲ. ಸಮುದ್ರ ದಾಟಿ ಸುದ್ದಿ ಕಳಿಸುವುದನ್ನು ಲೋಕಕ್ಕೆ ಕಲಿಸಿದವರಲ್ಲಿ ಒಬ್ಬರು, ಆ ಸಮುದ್ರದ ಈಚೆ ಕೂತು ಆಚೆಯ ಕಾಗದಕ್ಕಾಗಿ ಕಾಯುವ ಪಾಡು.

1918ರ ಏಪ್ರಿಲ್ 20ರಂದು ಬ್ರೌನ್ ಬ್ರೂಕ್ಲಿನ್ನಿನಲ್ಲಿ ತೀರಿಕೊಂಡರು. 68 ತುಂಬಲು ಒಂದೂವರೆ ತಿಂಗಳು ಬಾಕಿ. ಯುದ್ಧ ಮುಗಿದದ್ದು ಅದೇ ನವೆಂಬರ್ 11ಕ್ಕೆ. ಇನ್ನು ಏಳು ತಿಂಗಳು ಬದುಕಿದ್ದರೂ ಅವರು ಬಿಟ್ಟುಬಂದ ಕುರ್ಚಿಗೆ ಮರಳುವುದು ಸಾಧ್ಯವಿರಲಿಲ್ಲ. ಆ ನವೆಂಬರಿನಲ್ಲೇ ಫ್ರೆಂಚ್ ಸೈನ್ಯ ಸ್ಟ್ರಾಸ್‌ಬುರ್ಗಿಗೆ ಬಂತು, ಅಲ್ಸಾಸ್ ಮತ್ತೆ ಫ್ರಾನ್ಸಿಗೆ ಸೇರಿತು, ಜರ್ಮನ್ ಪ್ರೊಫೆಸರುಗಳು ಗಂಟುಮೂಟೆ ಕಟ್ಟಬೇಕಾಯಿತು. ಟ್ಯೂಬ್ ಮಾಡಿದ ಲ್ಯಾಬು, ಮೂರು ಏರಿಯಲ್ ನಿಲ್ಲಿಸಿದ ಬಯಲು, ಎಲ್ಲವೂ ಬೇರೆ ದೇಶದ್ದಾಯಿತು.

ಝೆನೆಕ್ ಯುದ್ಧ ಮುಗಿದ ಮೇಲೆ ಬಿಡುಗಡೆಯಾಗಿ ಜರ್ಮನಿಗೆ ಹೋದರು, ಮ್ಯೂನಿಕ್ಕಿನಲ್ಲಿ ಪ್ರೊಫೆಸರಾಗಿ ಬಹಳ ವರ್ಷ ಬಾಳಿದರು. ಬ್ರೌನ್ ಅವರ ಚಿತಾಭಸ್ಮ ಅಟ್ಲಾಂಟಿಕ್ ದಾಟಿದ್ದು ಅವರು ತೀರಿ ಮೂರು ವರ್ಷದ ಮೇಲೆ, 1921ರಲ್ಲಿ. ಅದನ್ನು ಸ್ಟ್ರಾಸ್‌ಬುರ್ಗಿಗೆ ಒಯ್ಯಲಿಲ್ಲ. ಅಪ್ಪ ಗುಮಾಸ್ತರಾಗಿದ್ದ, ತಾವು ಹುಟ್ಟಿ ಶಾಲೆಗೆ ಹೋದ ಫುಲ್ಡಾ ಊರಿಗೇ ತಂದು ಅಲ್ಲಿ ಮಣ್ಣು ಮಾಡಿದರು.